ಜೂನ್ ಒಂದಕ್ಕೆ ಹುಟ್ಟಿದವರು

ನಾನು ಹುಟ್ಟು ಪುಕ್ಕಲಿ. ಫೋನ್ ಬಿಟ್ಟೂಬಿಡದೆ ಎರಡು ಸಲ ಬಡಿದುಕೊಂಡರೆ ಯಾರೋ ಹೋದರು ಎಂದೇ ನನ್ನ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಇಂಥವಳು ದವಾಖಾನೆಯಲ್ಲಿ ಕೆಲಸಕ್ಕೆ ಹೇಗೆ ಸೇರಿದಳು ಎಂದು ಎಲ್ಲರೂ ಕೇಳುತ್ತಾರೆ. ರೋಗಿಗಳ ಮುಖ ನೋಡುವ ಕೆಲಸ ಅಲ್ಲ ಎಂದು ಗೊತ್ತಾದ ಮೇಲೆಯೇ ಸೇರಿದ್ದು. ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ಮೆಟ್ಟಿಲ ಕೆಳಗೆ ಒಂದು ಕೋಣೆ, ಒಂದು ಫ್ಯಾನು, ಸದಾ ಗುಯ್ ಎನ್ನುವ ಒಂದು ಸರ್ವರ್. ನನ್ನ ಪಾಲಿಗೆ ರೋಗಿಗಳೆಂದರೆ ಪರದೆಯ ಮೇಲಿನ ಸಾಲುಗಳು. ಸಾಲುಗಳಿಗೆ ರಕ್ತ ಬರುವುದಿಲ್ಲ, ಅವು ನರಳುವುದೂ ಇಲ್ಲ. ಹಾಗೆಂದುಕೊಂಡು ನೆಮ್ಮದಿಯಾಗಿದ್ದೆ.

ಆ ನೆಮ್ಮದಿ ಹೋದದ್ದು ಒಂದು ಮಧ್ಯಾಹ್ನ. ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆ. ಹೊರಗೆ ಆಟೋ ನಿಂತ ಸದ್ದಾಯಿತು, ಸ್ಟ್ರೆಚರ್ ಎಳೆದ ಸದ್ದಾಯಿತು. ಇವೆಲ್ಲ ದಿನಾ ಕೇಳುವ ಸದ್ದುಗಳು, ಅವಕ್ಕೆಲ್ಲ ತುತ್ತು ನಿಲ್ಲಿಸುತ್ತ ಕೂತರೆ ಉಪವಾಸವೇ ಗತಿ. ಕೌಂಟರಿನಲ್ಲಿ ಕೂರುವಾಕೆ ಓಡಿ ಬಂದು ಬಾಗಿಲಲ್ಲಿ ನಿಂತಳು.

"ಮೇಡಂ, ಬಸ್ಸಿನ್ಯಾಗ ಎಚ್ಚರ ತಪ್ಪಿದ ಒಬ್ಬ ಹೆಣ್ಮಗಳನ್ನ ತಂದಾರ. ಆಕಿ ಚೀಲದಾಗಿನ ಫೋನಿನ್ಯಾಗ ಮೊದಲನೇ ನಂಬರ್ ನಿಮ್ಮದ ಐತ್ರಿ."

ಡಬ್ಬಿ ತಳ್ಳಿ ಎದ್ದೆ. ಅದು ಅಕ್ಕ.

ಅವ್ವ ಬೇಗ ಹೋದ ಮೇಲೆ ನನಗೆ ಜಡೆ ಹೆಣೆದು, ಬುತ್ತಿ ಕಟ್ಟಿ, ಸಾಲೆಗೆ ಕಳಿಸಿದವಳು ಅಕ್ಕ. ತಾನು ಮಾತ್ರ ಮೂರನೇ ಇಯತ್ತೆಗೆ ಬಿಟ್ಟಳು. ಅವಳನ್ನು ಕೊಟ್ಟಿರುವುದು ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಗೆ. ಕುರಿ ಸಾಕುವ ಮನೆ. ಭಾವ ಹಿಂಡು ಹೊಡೆದುಕೊಂಡು ನದಿ ಕಡೆಗೆ ಹೋದರೆಂದರೆ ವಾರಗಟ್ಟಲೆ ಫೋನಿಗೂ ಸಿಗುವುದಿಲ್ಲ. ಆವತ್ತು ಅವಳು ನನ್ನನ್ನು ನೋಡಲೆಂದು ಹೊರಟಿದ್ದಳು. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಮೈಯಲ್ಲಿ ಜ್ವರ ಇಟ್ಟುಕೊಂಡು, ಯಾರಿಗೂ ಹೇಳದೆ ಬಸ್ಸು ಹತ್ತಿದ್ದಾಳೆ. ಕೂಡ್ಲಿಗಿ ದಾಟುವ ಹೊತ್ತಿಗೆ ನಡುಕ ಶುರುವಾಗಿದೆ, ಊರು ಮುಟ್ಟುವ ಹೊತ್ತಿಗೆ ಮಾತು ನಿಂತಿದೆ.

ನಾನು ಹೋಗಿ ನೋಡಿದಾಗ ಮುಖ ಬೂದಿಯಾಗಿತ್ತು. ಕರೆದರೆ "ಹೂಂ" ಎನ್ನುತ್ತಿರಲಿಲ್ಲ. ಡ್ಯೂಟಿ ಡಾಕ್ಟರು ಹರಪನಹಳ್ಳಿ ಕಡೆಯ ಹುಡುಗ, ಒಳ್ಳೆಯವನು. ಆಗಲೇ ಸಲೈನ್ ಹಾಕಿಸಿದ್ದ. ಎರಡನೇ ಸಲ ಬಿಪಿ ನೋಡಿದ, ಮುಖ ಸಣ್ಣದು ಮಾಡಿದ.

"ಮೇಡಂ, ಸೋಂಕು ರಕ್ತಕ್ಕೆ ಇಳಿದಂಗೈತೆ. ಇಂಜೆಕ್ಷನ್ ಬೇಗ ಶುರು ಮಾಡ್ಬೇಕು. ನಿಮ್ಮ ಅಕ್ಕಂಗೆ ಹಿಂದೆ ಯಾವ್ದಾದ್ರೂ ಇಂಜೆಕ್ಷನ್ ಒಗ್ಗದೇ ಇದ್ದದ್ದು ಐತಾ?"

ಇತ್ತು. ತೊಂದರೆ ಇದ್ದದ್ದೇ ಅಲ್ಲಿ. ಕೆಲವು ವರ್ಷಗಳ ಹಿಂದೆ ಕೂಡ್ಲಿಗಿಯ ಒಂದು ಕ್ಲಿನಿಕ್ಕಿನಲ್ಲಿ ಯಾವುದೋ ಗಾಯಕ್ಕೆ ಹೊಲಿಗೆ ಹಾಕಿ, ಒಂದು ಇಂಜೆಕ್ಷನ್ ಕೊಟ್ಟಿದ್ದರು. ಕೊಟ್ಟ ಸ್ವಲ್ಪ ಹೊತ್ತಿಗೇ ಮುಖ ಊದಿ, ಉಸಿರು ಸಿಕ್ಕಿಕೊಂಡು, ಜೀವ ಬಾಯಿಗೆ ಬಂದಿತ್ತು. ನಾನು ತಲುಪುವಷ್ಟರಲ್ಲಿ ಬದುಕಿಸಿದ್ದರು. ಅವಳನ್ನು ನೋಡಿದ ಡಾಕ್ಟರು ಮಾತ್ರ ಡ್ಯೂಟಿ ಮುಗಿಸಿ ಹೋಗಿದ್ದರು. ಇನ್ನೊಮ್ಮೆ ಆ ಔಷಧಿ ಹಾಕಿಸಿಕೊಳ್ಳಬೇಡ, ಹಾಕಿಸಿಕೊಂಡರೆ ಉಳಿಯುವುದಿಲ್ಲ ಎಂದು ಅಕ್ಕನಿಗೆ ಹೇಳಿದ್ದರಂತೆ. ಔಷಧಿಯ ಹೆಸರನ್ನೂ ಹೇಳಿದ್ದರಂತೆ. ಉಸಿರು ಹಿಡಿಯಲು ಒದ್ದಾಡುತ್ತಿದ್ದವಳಿಗೆ ಇಂಗ್ಲಿಷ್ ಹೆಸರು ನೆನಪಿರುತ್ತದೆಯೇ?

"ಐತಿ, ಆದ್ರ ಯಾವ್ದು ಅಂತ ಗೊತ್ತಿಲ್ರಿ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು.

ಈ ಥರದ ಸೋಂಕಿಗೆ ಅವರ ಹತ್ತಿರ ಇದ್ದದ್ದು ಎರಡು ಔಷಧಿ. ಸಾಮಾನ್ಯವಾಗಿ ಮಂದಿಗೆ ಒಗ್ಗದೇ ಇರುವುದೂ ಆ ಎರಡರಲ್ಲೊಂದೇ. ಡಾಕ್ಟರು ನನ್ನನ್ನೇ ನೋಡಿದ. "ಕೂಡ್ಲಿಗಿ ಕ್ಲಿನಿಕ್ ನಮ್ದೇ ಅಲ್ವಾ? ರೆಕಾರ್ಡ್ ನಿಮ್ಮ ಸಿಸ್ಟಮ್‌ನಾಗೆ ಇರಬೇಕಲ್ಲ? ಬೇಗ ನೋಡ್ರಿ. ಭಾಳ ಹೊತ್ತು ಕಾಯಂಗಿಲ್ಲ."

ಇರಬೇಕಿತ್ತು, ನಿಜ. ನಮ್ಮ ಮಾಲೀಕರಿಗೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಲ್ಲಿ ಒಂದೊಂದು ಕ್ಲಿನಿಕ್ ಇದೆ. ಆ ನಾಲ್ಕರ ಹಳೆಯ ದಾಖಲೆಗಳನ್ನೆಲ್ಲ ತಂದು ನಮ್ಮ ಸರ್ವರಿಗೆ ಸುರಿದದ್ದು ಹಿಂದಿನ ದಿನವಷ್ಟೇ. ಸಾಫ್ಟ್‌ವೇರ್ ಕಂಪನಿಯವರು ಎಲ್ಲೋ ದೂರದಲ್ಲಿ ಕೂತು ಆ ಕೆಲಸ ಮುಗಿಸಿ, ಎಲ್ಲ ಸರಿಯಾಗಿದೆ ಎಂದು ಹೇಳಿ ಹೋಗಿದ್ದರು.

ಕೌಂಟರಿನಾಕೆ ಅಷ್ಟರಲ್ಲೇ ಅಕ್ಕನ ಹೆಸರು, ಊರು, ಹುಟ್ಟಿದ ದಿನ ಹಾಕಿ ಹುಡುಕಲು ಕೊಟ್ಟಿದ್ದಳು. ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಿತ್ತು. ನಾನು ಬಂದು ನಿಂತೆ, ತಿರುಗುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತೆ, ಆಗಲೂ ತಿರುಗುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಚಕ್ರವನ್ನು ಕಲ್ಲೆತ್ತಿ ಒಡೆಯಬೇಕೆನಿಸಿತು.

"ಮುಂಜಾನಿಂದ ಹಿಂಗ ಐತ್ರಿ" ಎಂದಳು ಆಕೆ. "ಸಣ್ಣ ಹುಡುಗರದು ಲಗೂನ ಬರ್ತೈತಿ. ದೊಡ್ಡವರದು ಹಾಕಿದ್ರ ನಿಂತುಬಿಡ್ತೈತಿ. ನಿಮಗ ಹೇಳಬೇಕಂತ ಮಾಡಿದ್ದೆ."

ಸಣ್ಣ ಹುಡುಗರದು ಬರುತ್ತದೆ, ದೊಡ್ಡವರದು ಬರುವುದಿಲ್ಲ. ಹೆದರಿಕೆಯಲ್ಲಿ ನನ್ನ ತಲೆ ಮೊದಲು ಕೆಲಸ ಮಾಡಲಿಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ದಾಖಲೆ ಇಲ್ಲಿಗೆ ಬಂದಮೇಲೆ ಅಲ್ಲಿಯ ಕಂಪ್ಯೂಟರನ್ನು ಬಿಚ್ಚಿ ಇಟ್ಟಿದ್ದರು. ಕಂಪನಿಗೆ ಫೋನ್ ಮಾಡಿದೆ. ನಿಮ್ಮ ಕರೆ ನಮಗೆ ಮುಖ್ಯ ಎಂದು ಒಂದು ಹಾಡು ಹಾಕಿದರು. ಅವರ ವಂಶವನ್ನೆಲ್ಲ ಮನಸ್ಸಿನಲ್ಲೇ ತೊಳೆದು ಫೋನ್ ಇಟ್ಟು, ಮೆಟ್ಟಿಲ ಕೆಳಗಿನ ಕೋಣೆಗೆ ಓಡಿದೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಇದನ್ನು ಹುಡುಕು ಎಂದು, ದಾಖಲೆಗಳನ್ನೆಲ್ಲ ಇಟ್ಟುಕೊಂಡಿರುವ ಡೇಟಾಬೇಸಿಗೆ ಹೇಳಿದರೆ ಅದು ತಕ್ಷಣ ಓಡುವುದಿಲ್ಲ. ಮೊದಲು ಅಂದಾಜು ಹಾಕುತ್ತದೆ: ಇದಕ್ಕೆ ಎಷ್ಟು ಮಂದಿ ಸಿಕ್ಕಾರು, ಯಾವ ದಾರಿ ಹಿಡಿದರೆ ಬೇಗ ಮುಗಿದೀತು. ಅಂದಾಜಿಗೆಂದು ಒಂದು ಸಣ್ಣ ಸಾರಾಂಶ ಇಟ್ಟುಕೊಂಡಿರುತ್ತದೆ. ಇಡೀ ರಾಶಿಯಿಂದ ಅಲ್ಲೊಂದು ಇಲ್ಲೊಂದು ಸಾಲು ಎತ್ತಿ ನೋಡಿ, ಯಾವುದು ಪದೇಪದೇ ಬರುತ್ತದೆ, ಒಟ್ಟಿನಲ್ಲಿ ಅದರ ಪಾಲು ಎಷ್ಟು ಎಂದು ಗುರುತು ಮಾಡಿಕೊಳ್ಳುತ್ತದೆ. ಆ ಗುರುತಿನಲ್ಲಿ ಇಲ್ಲದ್ದನ್ನೆಲ್ಲ ಸರಿಸಮನಾಗಿ ಹಂಚಿದೆ ಎಂದುಕೊಳ್ಳುತ್ತದೆ. ಸಾರಾಂಶ ಸರಿಯಿದ್ದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಲಸ ಆಗುತ್ತದೆ.

ಮದುವೆ ಮನೆಯ ಹೊರಗೆ ಚಪ್ಪಲಿ ರಾಶಿ ಬಿದ್ದಿರುತ್ತದಲ್ಲ. ಒಬ್ಬ ಬೀಗರ ಚಪ್ಪಲಿ ಬೇಕಾದರೆ ರಾಶಿಯನ್ನು ಒಮ್ಮೆ ಕೆದಕಿದರಾಯಿತು. ಉಂಡೆದ್ದ ಇಡೀ ಪಂಕ್ತಿಗೆ ಚಪ್ಪಲಿ ಕೊಡಬೇಕು, ಅದಕ್ಕೆ ಒಬ್ಬೊಬ್ಬರಿಗೂ ರಾಶಿಯನ್ನು ಮೊದಲಿಂದ ಕೆದಕುತ್ತ ಕೂತವನಿಗೆ ಸಂಜೆಯಾದರೂ ಮುಗಿಯುವುದಿಲ್ಲ. ಮೊದಲು ಎಲ್ಲ ಜೋಡಿ ಮಾಡಿಟ್ಟುಕೊಂಡು ಆಮೇಲೆ ಕೊಡಬೇಕು. ಬಂದವರು ಒಬ್ಬರೋ ಒಂದು ಪಂಕ್ತಿಯೋ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಸರಿಯಾದ ದಾರಿ ಹಿಡಿಯಬಹುದು.

ಅಕ್ಕನ ಹುಡುಕಾಟಕ್ಕೆ ಡೇಟಾಬೇಸು ಹಾಕಿಕೊಂಡ ಅಂದಾಜು ಏನೆಂದು ತೋರಿಸು ಎಂದು ಕೇಳಿದೆ. ಪರದೆಯ ಮೇಲೆ ಬಂತು: ಆ ದಿನ ಹುಟ್ಟಿದವರು, ಒಬ್ಬರು.

ಒಬ್ಬರಂತೆ! ಜೂನ್ ಒಂದಕ್ಕೆ ಒಬ್ಬರು!

ನಮ್ಮ ಕಡೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ನನ್ನ ಅಕ್ಕ ಹುಟ್ಟಿದ್ದು ಯಾವಾಗ ಎಂದು ಅವ್ವನನ್ನು ಕೇಳಿದರೆ, ಶೇಂಗಾ ಕಿತ್ತ ಮೇಲೆ, ಕೆಂದಾಕಳು ಈಯುವ ಮುಂಚೆ, ಎನ್ನುತ್ತಿದ್ದಳು. ಸಾಲೆಗೆ ಸೇರಿಸುವಾಗ ಮಾಸ್ತರರು ಹುಡುಗಿಯ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಮುಟ್ಟಿತು, ಆರು ವರ್ಷ ಆಯಿತು. ಸಾಲೆ ಶುರುವಾಗುವುದು ಜೂನ್ ಒಂದಕ್ಕೆ, ಹಾಗಾಗಿ ಹುಟ್ಟಿದ್ದೂ ಜೂನ್ ಒಂದಕ್ಕೆ. ಹಿಂದೆ ನಿಂತ ಹುಡುಗನೂ ಜೂನ್ ಒಂದು, ಅವನ ಹಿಂದಿನವಳೂ ಜೂನ್ ಒಂದು. ಮಾಸ್ತರರದ್ದೇ ಜೂನ್ ಒಂದಾಗಿದ್ದರೂ ಆಶ್ಚರ್ಯವಿಲ್ಲ. ಈ ಐದು ತಾಲ್ಲೂಕುಗಳಲ್ಲಿ ಒಂದು ತಲೆಮಾರಿಗೆ ತಲೆಮಾರೇ ಒಂದೇ ದಿನ ಹುಟ್ಟಿದೆ. ಸಾಲೆಯ ಮೆಟ್ಟಿಲು ಹತ್ತದವರಿಗೆ ಮುಂದೆ ಕಾರ್ಡು ಮಾಡಿಸುವಾಗ ಜನವರಿ ಒಂದು ಸಿಕ್ಕಿತು, ಅಷ್ಟೇ ವ್ಯತ್ಯಾಸ.

ಡೇಟಾಬೇಸಿಗೆ ಇದು ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ನಮ್ಮ ನರ್ಸಿಂಗ್ ಹೋಮು ಮೊದಲು ಹೆರಿಗೆ ಮತ್ತು ಮಕ್ಕಳದ್ದು. ಇಲ್ಲಿಯ ದಾಖಲೆಯಲ್ಲಿದ್ದವರೆಲ್ಲ ಹೆಚ್ಚಾಗಿ ಈಚಿನ ಕೂಸುಗಳು, ಗಡಿಯಾರ ನೋಡಿ ಬರೆದ ನಿಜವಾದ ದಿನಗಳಂದು ಹುಟ್ಟಿದವು. ಆ ಕೂಸುಗಳನ್ನು ನೋಡಿ ಮಾಡಿದ ಸಾರಾಂಶದಲ್ಲಿ ಜೂನ್ ಒಂದಕ್ಕೆ ಏನೂ ವಿಶೇಷವಿರಲಿಲ್ಲ. ಅದರ ಮೇಲೆ ನಾಲ್ಕು ಊರಿನ ಹಿರೀಕರನ್ನೆಲ್ಲ ಸುರಿದರು. ಸಾರಾಂಶ ತಾನಾಗಿ ಹೊಸದಾಗುವ ವ್ಯವಸ್ಥೆಯನ್ನು, ಸುರಿಯುವ ಕೆಲಸ ಬೇಗ ಆಗಲೆಂದು, ನಿಲ್ಲಿಸಿದ್ದರು. ಮತ್ತೆ ಶುರು ಮಾಡದೇ ಎದ್ದು ಹೋಗಿದ್ದರು. ಹಾಗಾಗಿ ಅದು ಒಬ್ಬರೇ ಸಿಗುತ್ತಾರೆಂದು ನಂಬಿ ಹೊರಟು, ಸಾವಿರಾರು ಮಂದಿಯ ನಡುವೆ ಸಿಕ್ಕಿಕೊಂಡು, ಒಬ್ಬೊಬ್ಬರಿಗೂ ಔಷಧಿ ಚೀಟಿಗಳ ಇಡೀ ರಾಶಿಯನ್ನು ಮೊದಲಿಂದ ಕೆದಕುತ್ತಿತ್ತು. ಅತ್ತ ಅಕ್ಕನ ಉಸಿರು ಏರಿಳಿಯುತ್ತಿತ್ತು.

"ಮೇಡಂ, ಡಾಕ್ಟರ್ ಕರಿಯಾಕತ್ಯಾರ್ರೀ!" ಕೌಂಟರಿನಿಂದ ಕೂಗು ಬಂತು.

"ಬಂದೆ ಅಂತ ಹೇಳು!" ಎಂದು ನಾನೂ ಕಿರುಚಿದೆ.

ಸಿಕ್ಕಿಕೊಂಡ ಹುಡುಕಾಟಗಳನ್ನೆಲ್ಲ ನಿಲ್ಲಿಸಿದೆ. ಹೊಸದಾಗಿ ಎಲ್ಲವನ್ನೂ ಒಮ್ಮೆ ನೋಡಿ ಸಾರಾಂಶ ಮಾಡಿಕೋ ಎಂದು ಆಜ್ಞೆ ಕೊಟ್ಟೆ. ಒಂದೇ ಪದದ ಆಜ್ಞೆ ಅದು. ಆ ಒಂದು ಪದ ಹೊಡೆಯುವಾಗ ಎರಡು ಸಲ ತಪ್ಪಿದೆ. ತಪ್ಪು ಎಂದು ಕಂಪ್ಯೂಟರು ಕೆಂಪಗೆ ಹೇಳಿದಾಗ ಅಳು ಬಂದುಬಿಟ್ಟಿತು. ಮೂರನೇ ಸಲಕ್ಕೆ ತೆಗೆದುಕೊಂಡಿತು. ಅದು ಮುಗಿಯುವುದನ್ನು ಕಾಯುತ್ತ, ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಹೊಸ ಸಾರಾಂಶ ಬಂತು. ಹುಟ್ಟಿದ ದಿನಗಳಲ್ಲಿ ಪದೇಪದೇ ಬರುವವು ಯಾವುವು ಎಂಬಲ್ಲಿ ಜೂನ್ ಒಂದು, ಜೂನ್ ಒಂದು, ಜನವರಿ ಒಂದು, ಮತ್ತೆ ಜೂನ್ ಒಂದು, ಬೇರೆ ಬೇರೆ ವರ್ಷದವು, ಸಾಲಾಗಿ ನಿಂತಿದ್ದವು. ಅಂತೂ ನಮ್ಮ ಮಂದಿ ಎಂಥವರೆಂದು ಅದಕ್ಕೆ ಅರ್ಥವಾಗಿತ್ತು.

ಮತ್ತೆ ಹುಡುಕಲು ಕೊಟ್ಟೆ. ಈ ಸಲ ಅದು ಬೇರೆ ದಾರಿ ಹಿಡಿಯಿತು, ಚಪ್ಪಲಿ ಜೋಡಿಸಿಕೊಂಡು ಕೊಡುವ ದಾರಿ. ಚಕ್ರ ಕಾಣಿಸಲೂ ಇಲ್ಲ, ಉತ್ತರ ಬಂದಿತ್ತು.

ಬಂದದ್ದು ಎರಡು ಸಾಲು.

ನಮ್ಮ ಕಡೆ ಮಗು ಹುಟ್ಟಿದರೆ ಕೊಟ್ಟೂರು ಸ್ವಾಮಿಯ ಹೆಸರನ್ನೇ ಇಡುವುದು ಹೆಚ್ಚು. ಗಂಡಾದರೆ ಹಾಗೆ, ಹೆಣ್ಣಾದರೆ ಕೊನೆಗೊಂದು ಅಮ್ಮ. ಓಣಿಯಲ್ಲಿ ನಿಂತು ಕೂಗಿದರೆ ಅರ್ಧ ಓಣಿ ಓಗೊಡುತ್ತದೆ. ಇಬ್ಬರದೂ ಅದೇ ಹೆಸರು, ಅದೇ ವರ್ಷದ ಜೂನ್ ಒಂದು. ಊರೂ ಹೊಸಹಳ್ಳಿಯೇ, ಸುತ್ತಲಿನ ಹಟ್ಟಿಗಳವರೂ ಹೋಬಳಿಯ ಹೆಸರನ್ನೇ ಬರೆಸುತ್ತಾರೆ. ಇಬ್ಬರೂ ಕೂಡ್ಲಿಗಿ ಕ್ಲಿನಿಕ್ಕಿನವರು, ಇಬ್ಬರಿಗೂ ಗಾಯಕ್ಕೆ ಹೊಲಿಗೆ ಬಿದ್ದಿದೆ, ಇಬ್ಬರ ಸಾಲಿನಲ್ಲೂ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಇದೆ. ಒಬ್ಬಳಿಗೆ ಡಾಕ್ಟರ ಹತ್ತಿರವಿದ್ದ ಮೊದಲನೆಯ ಔಷಧಿ ಆಗುವುದಿಲ್ಲ. ಇನ್ನೊಬ್ಬಳಿಗೆ ಎರಡನೆಯದು.

ಅಲ್ಲಿಯವರೆಗಿನ ಹೆದರಿಕೆ ಏನೂ ಅಲ್ಲ. ಫೋನ್ ನಂಬರ್ ನೋಡಿದೆ. ಒಂದರಲ್ಲಿ ಇರಲಿಲ್ಲ, ಇನ್ನೊಂದರಲ್ಲಿದ್ದದ್ದು ಅಕ್ಕನ ಈಗಿನ ನಂಬರಲ್ಲ. ಅವಳು ಎಷ್ಟು ಸಲ ನಂಬರ್ ಬದಲಿಸಿದ್ದಾಳೋ ದೇವರೇ ಬಲ್ಲ. ಗಾಯದ ವಿವರ ತೆರೆದೆ. ಒಂದರಲ್ಲಿ ಎಡಗೈ ಅಂಗೈ, ಇನ್ನೊಂದರಲ್ಲಿ ಎಡಗಾಲು ಮೀನಖಂಡ. ಅಕ್ಕನಿಗೆ ಆವತ್ತು ಆದದ್ದು ಕೈಗೋ ಕಾಲಿಗೋ? ನಾನೇ ಹೋಗಿ ನೋಡಿದ್ದೆ, ಪಕ್ಕದಲ್ಲಿ ಕೂತಿದ್ದೆ, ಬಿಳೀ ಬಟ್ಟೆ ಸುತ್ತಿದ್ದು ಕಣ್ಣಿಗೆ ಕಟ್ಟಿದಂತಿದೆ. ಎಲ್ಲಿ ಸುತ್ತಿತ್ತು ಎಂಬುದು ಮಾತ್ರ ನೆನಪಾಗುತ್ತಿಲ್ಲ. ಊದಿದ ಮುಖದಿಂದ ನನ್ನ ಕಣ್ಣು ಆವತ್ತು ಕೆಳಗಿಳಿದಿರಲೇ ಇಲ್ಲ.

ವಾರ್ಡಿಗೆ ಓಡಿದೆ. ಡಾಕ್ಟರು ಒಂದು ಕೈಯಲ್ಲಿ ಸಿರಿಂಜು ಹಿಡಿದು ನಿಂತಿದ್ದ.

"ಇಬ್ಬರು ಅದಾರ್ರಿ, ಇಬ್ಬರು!" ಎಂದೆ. ಅವನಿಗೆ ಏನರ್ಥವಾಯಿತೋ ಗೊತ್ತಿಲ್ಲ, ಸಿರಿಂಜು ಕೆಳಗಿಟ್ಟ.

ಹೊದಿಕೆ ಸರಿಸಿ ಅಕ್ಕನ ಕಾಲು ನೋಡಿದೆ. ಎಡಗಾಲು, ಆಮೇಲೆ ನಂಬಿಕೆ ಸಾಲದೆ ಬಲಗಾಲು. ಒಡೆದ ಹಿಮ್ಮಡಿ, ಮುಳ್ಳು ಗೀರಿದ ಹಳೆಯ ಗುರುತು. ಹೊಲಿಗೆ ಇಲ್ಲ. ಎಡಗೈ ಹಿಡಿದೆ. ನಡುಕಕ್ಕೆ ಮುಷ್ಟಿ ಬಿಗಿದುಕೊಂಡಿತ್ತು.

"ಅಕ್ಕಾ, ಕೈ ಬಿಚ್ಚ. ನಾನ ಅದೀನಿ, ಬಿಚ್ಚಬೇ."

ಬಿಚ್ಚಲಿಲ್ಲ. ಒಂದೊಂದೇ ಬೆರಳು ಬಿಡಿಸಿದೆ. ಹೆಬ್ಬೆರಳ ಬುಡದಿಂದ ಅಂಗೈಗೆ ಅಡ್ಡಲಾಗಿ ಕುಡುಗೋಲು ಎಳೆದಂಥ ಗೆರೆ, ಅದರ ಎರಡೂ ಬದಿಗೆ ಹೊಲಿಗೆಯ ಚುಕ್ಕಿಗಳು. ಡಾಕ್ಟರು ಬಾಗಿ ನೋಡಿದ, ನನ್ನ ಜೊತೆ ಬಂದು ಪರದೆಯನ್ನೂ ತಾನೇ ಓದಿದ. ವಾಪಸ್ಸು ಬಂದು ಸಿರಿಂಜಿಗೆ ತುಂಬಿದ್ದ ಔಷಧಿಯನ್ನು ಚೆಲ್ಲಿ, ಇನ್ನೊಂದನ್ನು ಒಡೆದ. ಅವನು ಮೊದಲು ತುಂಬಿದ್ದು ಅಕ್ಕನಿಗೆ ಆಗದೇ ಇರುವ ಔಷಧಿ.

ಬೆಳಗಿನ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟು, ರೊಟ್ಟಿ ಕೆಟ್ಟು ಹೋದಾವು, ತಿನ್ನು ಎಂದಳು. ನಾನು ಹೊರಗೆ ಹೋಗಿ ಗೋಡೆಗೆ ಹಣೆಯಿಟ್ಟು ಅತ್ತೆ. ಇಲ್ಲಿಗೆ ನನ್ನ ಭಯ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮೆಟ್ಟಿಲ ಕೆಳಗೆ ಬಂದು ಕೂತರೆ ಪರದೆಯ ಮೇಲೆ ಆ ಎರಡನೆಯ ಸಾಲು. ಅಕ್ಕನ ಹೆಸರು, ಅಕ್ಕನ ಹುಟ್ಟಿದ ದಿನ, ಮೀನಖಂಡದ ಹೊಲಿಗೆ. ನಾಳೆ ಇವಳೂ ಮಾತು ನಿಂತು ಇಲ್ಲಿಗೆ ಬಂದರೆ, ಕೌಂಟರಿನಲ್ಲಿ ಮೊದಲು ಕಂಡ ಸಾಲು ಅಕ್ಕನದಾಗಿದ್ದರೆ? ಇವಳ ಕಾಲು ನೋಡಲು ಯಾರು ಓಡುತ್ತಾರೆ? ಇಬ್ಬರ ಸಾಲಿನ ಮೇಲೂ ಇದೇ ಹೆಸರಿನ ಇನ್ನೊಬ್ಬರಿದ್ದಾರೆ, ನೋಡಿಕೊಳ್ಳಿ ಎಂದು ದಪ್ಪಕ್ಷರದಲ್ಲಿ ಹಾಕಿದೆ. ಮನಸ್ಸು ನಿಲ್ಲಲಿಲ್ಲ. ಅವಳ ಸಾಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎಷ್ಟೋ ಹೊತ್ತಿನ ಮೇಲೆ ಒಂದು ಸೋತ ದನಿ "ಯಾರ್ರಿ?" ಎಂದಿತು.

ದವಾಖಾನೆಯಿಂದ ಎಂದ ತಕ್ಷಣ, "ನಾ ಎಲ್ಲಿಗೂ ಬರಂಗಿಲ್ರಿ" ಎಂದಳು. ನಾನು ಅಕ್ಕನ ಕಥೆ ಪೂರ್ತಿ ಹೇಳಿದೆ.

"ನಿಮ್ಮಕ್ಕ ಈಗ ಆರಾಮ ಅದಾಳಿಲ್ರಿ?"

"ಅದಾಳ್ರಿ. ನಿಮಗೂ ಒಂದು ಸೂಜಿ ಆಗಿಬರಂಗಿಲ್ಲ. ಯಾವುದು ಅಂತ ಹೇಳ್ತೀನಿ, ಯಾರ ಕೂಡನಾದ್ರೂ ಬರಸಿ ಇಟ್ಕೊಳ್ರಿ."

"ಯಾವ್ದರ ಇರ್ಲಿ ಬಿಡ್ರೀ ಯವ್ವ. ಅವತ್ತ ಸತ್ತು ಬದುಕೀನಿ. ಅವಾಗಿಂದ ನಾ ಸೂಜಿನ ಹಾಕಿಸಿಕೊಂಡಿಲ್ಲ, ದವಾಖಾನಿ ಕಡಿ ಹಾದೂ ಇಲ್ಲ. ಈಗೂ ಜ್ವರ ಬಂದು ವಾರದ ಮ್ಯಾಲಾತು. ಕಷಾಯ ಕುಡಕೋತ ಬಿದ್ದೀನಿ."

ಅಕ್ಕನ ಬೂದಿ ಮುಖ ನನ್ನ ಕಣ್ಣ ಮುಂದೆ ಬಂತು. ಆಂಬುಲೆನ್ಸ್ ಕಳಿಸುತ್ತೇನೆಂದರೆ ಬೇಡವೆಂದಳು, ಹಟ್ಟಿ ಮಂದಿ ನಾ ಸತ್ತೆ ಅಂತ ತಿಳಕೋತಾರ, ಎಂದಳು. ಬೈದೆ, ಬೇಡಿಕೊಂಡೆ, ಕಡೆಗೆ ಅವಳ ಹೊಟ್ಟೆಯಲ್ಲಿ ಹುಟ್ಟಿದವರ ಮೇಲೆ ಆಣೆ ಹಾಕಿಸಿಕೊಂಡೆ. ಪಕ್ಕದ ಮನೆಯವರು ಬಸ್ಸಿಗೆ ಹತ್ತಿಸುತ್ತಾರೆ, ಬರುತ್ತೇನೆ ಎಂದಳು.

ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೆ. ಹತ್ತಿಕೊಂಡಳೋ ಇಲ್ಲವೋ, ದಾರಿಯಲ್ಲಿ ಏನಾಯಿತೋ ಎಂದು ಕುದಿಯುತ್ತಿದ್ದೆ. ಬಸ್ಸು ಬಂದು ಧೂಳೆಬ್ಬಿಸಿ ನಿಂತಿತು. ಮಂದಿ ಚೀಲ, ಕೋಳಿ, ಕೂಸು ಹಿಡಿದು ಇಳಿಯತೊಡಗಿದರು. ಅವಳ ಮುಖ ನನಗೆ ಗೊತ್ತೇ ಇಲ್ಲ ಎಂಬುದು ಆಗ ಹೊಳೆಯಿತು. ಗೊತ್ತಿದ್ದದ್ದು ಹೆಸರು ಒಂದೇ. ಅದನ್ನೇ ಹಿಡಿದು ಜೋರಾಗಿ ಕೂಗಿದೆ.

ಇಳಿಯುತ್ತಿದ್ದವರಲ್ಲಿ ಮೂವರು ತಿರುಗಿ ನೋಡಿದರು. ಮೂವರೂ ಗಟ್ಟಿಮುಟ್ಟಾಗಿದ್ದರು. ಒಬ್ಬಳಂತೂ ತಲೆಯ ಮೇಲೆ ಮೂಟೆ ಹೊತ್ತೇ ತಿರುಗಿದಳು. ನಾನು ಅವರನ್ನು ಸರಿಸಿಕೊಂಡು ಬಸ್ಸು ಹತ್ತಿದೆ. ಕಡೆಯ ಸೀಟಿನಲ್ಲಿ, ಕಂಬಳಿ ಹೊದ್ದು, ಕಿಟಕಿಗೆ ತಲೆಯಾನಿಸಿ ಒಬ್ಬಳು ಕೂತಿದ್ದಳು. ಅವಳಿಗೆ ತಿರುಗುವ ಶಕ್ತಿಯೂ ಇರಲಿಲ್ಲ. ಹತ್ತಿರ ಹೋಗಿ ಕೈ ಮುಟ್ಟಿದೆ, ಸುಡುತ್ತಿತ್ತು.

ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಸೂಜಿ ಹಾಕಂಗಿಲ್ಲಲ್ರೀ?"

"ಹಾಕ್ತಾರ" ಎಂದೆ. "ಹಾಕೂ ಮುಂದ ನಾ ಅಲ್ಲೇ ನಿಂತಿರ್ತೀನಿ."